ಸಂಗೀತನಾಟಕವೂ ವಾಕ್ಚಿತ್ರವೂ

ಕನ್ನಡದ ಮೊದಲ ವಾಕ್ಚಿತ್ರಗಳು ಕಂಪೆನಿ ನಾಟಕಗಳ ಮಡಿಲಲ್ಲಿ ಬೆಳೆದುವೆಂಬುದು ವಾಚಕರಿಗೆ ವಿದಿತವಾದ ಸಂಗತಿಯೇ. ಆದರೆ ಈ ಸಂಬಂಧದ ವಿಷಯದಲ್ಲಿ ಪರಸ್ಪರ ವಿರುದ್ಧವಾದ ಎರಡು ಮತಗಳು ಪ್ರಚಾರದಲ್ಲಿವೆ. ಚಿತ್ರವು ನಾಟಕದ ನಿರ್ಜೀವವಾದ ನೆರಳೆಂದು ರಂಗಭೂಮಿಯ ಅಭಿಮಾನಿಗಳು ಹೇಳುವರು. ನಾಟಕದ ಹಾಡುಗಳ ಹೊರೆಯನ್ನು ಇಳಿಸಿದ ಮೇಲೆಯೇ ಚಿತ್ರಕ್ಕೆ ಸ್ವಂತ ರೂಪ ಬಂದಿತೆಂದು ಚಿತ್ರದ ಅಭಿಮಾನಿಗಳು ಹೇಳುವರು. ಹಾಡೆಂಬುದು ಕಥೆಗೆ ಹೊರಗಿನಿಂದ ತೊಡಿಸಿದ ಆಭರಣವೆಂಬ ಭಾವನೆ ಈ ಎರಡು ಮತಗಳಿಗೂ ಸಮಾನ. ಪ್ರಸ್ತುತ ಲೇಖಕನು ರಂಗಭೂಮಿಯ ಪಕ್ಷಪಾತಿಯಾದರೂ ಮೊದಲನೆಯ ಮತವನ್ನು ಪೂರ್ತಿಯಾಗಿ ಒಪ್ಪಲಾರನು. ನಾಟಕವು ಚಿತ್ರವಾದಾಗ ನಷ್ಟವಾದುದು ಹಾಡಲ್ಲ. ಹಾಡುವವನಿಗೂ ಕೇಳುವವರಿಗೂ ಇದ್ದ ಒಪ್ಪಂದ. ಇದನ್ನು ಕೆಲವು ನಿದರ್ಶನಗಳಿಂದ ಪರ್ಯಾಲೋಚಿಸುವುದೇ ಈ ಲೇಖನದ ಉದ್ದೇಶ.

ಸಂಗೀತನಾಟಕದ ವಂಶಾವಳಿಯಲ್ಲಿ ಕರ್ಣಾಟಕಕ್ಕೆ ಎರಡು ಬಗೆಯ ಸಂಬಂಧವುಂಟು. ಉತ್ತರ ಕನ್ನಡದ ಭಾಗವತರ ಆಟವನ್ನು ಕಂಡು ಮೆಚ್ಚಿದ ಸಾಂಗ್ಲಿಯ ಅರಸರ ಅಪೇಕ್ಷೆಯಂತೆ ವಿಷ್ಣುದಾಸ ಭಾವೆಯವರು 1843ರಲ್ಲಿ ‘ಸೀತಾಸ್ವಯಂವರ’ವನ್ನು ಮರಾಠಿಯಲ್ಲಿ ಆಡಿಸಿದರು. ಇಂದಿನ ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ ಜನಿಸಿದ ಅಣ್ಣಾಸಾಹೇಬ ಕಿರ್ಲೋಸ್ಕರರು 1880ರಲ್ಲಿ ಪುಣೆಯಲ್ಲಿ ‘ಸಂಗೀತ ಶಾಕುಂತಲ’ವನ್ನು ರಂಗಕ್ಕೆ ತಂದು, ಸೂತ್ರಧಾರನ ಬಾಯಲ್ಲಿದ್ದ ಹಾಡನ್ನು ಪಾತ್ರಗಳ ಬಾಯಿಗೆ ಕೊಟ್ಟರು. ಹೀಗೆ ಕನ್ನಡ ನಾಡಿನಿಂದ ಹೋದುದು ರೂಪಾಂತರ ಹೊಂದಿ, ಪಾರಸೀ ಕಂಪೆನಿಗಳ ಪರದೆಗಳೊಡನೆಯೂ ಮಟ್ಟುಗಳೊಡನೆಯೂ ಮರಳಿ ಬಂದಿತು. ಮೈಸೂರಿನ ಅರಮನೆಯ ಆಶ್ರಯದಲ್ಲಿ ಬಸವಪ್ಪ ಶಾಸ್ತ್ರಿಗಳು ಶಾಕುಂತಲವನ್ನು ಕನ್ನಡಿಸಿದರು. 1884ರಲ್ಲಿ ಗುಬ್ಬಿಯ ಕಂಪೆನಿಯು ಸ್ಥಾಪಿತವಾಯಿತು. ಇಪ್ಪತ್ತನೆಯ ಶತಮಾನದ ಆದಿಯಲ್ಲಿ ಎ. ವಿ. ವರದಾಚಾರ್ಯರು ಗಾಯಕನಟನೆಂಬ ಮಾತಿಗೆ ಮೈಸೂರು ಸೀಮೆಯಲ್ಲಿ ಒಂದು ಮೇಲ್ಪಂಕ್ತಿಯನ್ನು ಹಾಕಿಕೊಟ್ಟರು.

ಆ ನಾಟಕದ ಹಾಡು ಎಂತಹುದು? ಅಚ್ಚಾದ ಕಂಪೆನಿ ನಾಟಕದ ಪುಸ್ತಕವನ್ನು ತೆರೆದರೆ ನಾಲ್ಕಾರು ಪಂಕ್ತಿಗಳ ಸಾಹಿತ್ಯವೂ, ಅದರ ಮೇಲೆ ರಾಗ, ತಾಳ, ಮಟ್ಟುಗಳ ಸೂಚನೆಯೂ ಕಾಣುವುವು. ಓದುವವನಿಗೆ ಒಂದು ನಿಮಿಷವೂ ಹಿಡಿಯದು. ರಂಗದ ಮೇಲಾದರೋ ನಟನು ಕಂದವನ್ನು ರಾಗವಾಗಿ ಎತ್ತಿಕೊಂಡು, ಹಾರ್ಮೋನಿಯಂ ಬಾರಿಸುವವನ ಮುಖ ನೋಡಿ, ಸಭಿಕರ ಮನಸ್ಸನ್ನು ಅಳೆದು, ಅದನ್ನು ಹಿಗ್ಗಿಸಬಹುದಾಗಿತ್ತು, ಕುಗ್ಗಿಸಲೂಬಹುದಾಗಿತ್ತು. ‘ಒನ್ಸ್ ಮೋರ್’ ಎಂಬ ಕೂಗು ಎದ್ದರೆ ಸತ್ತು ಬಿದ್ದ ಪಾತ್ರವೂ ಎದ್ದು ಹಾಡುತ್ತಿದ್ದಿತೆಂದು ಪರಿಹಾಸ ಮಾಡುವುದುಂಟು. ರಸೌಚಿತ್ಯದ ದೃಷ್ಟಿಯಿಂದ ಇದು ದೋಷವೇ ಸರಿ. ಆದರೆ ಹಾಡು ಎಷ್ಟು ಹೊತ್ತು ನಿಲ್ಲಬೇಕೆಂಬುದನ್ನು ನಟನೂ ಸಭೆಯೂ ಕೂಡಿ ಪ್ರತಿರಾತ್ರಿ ಹೊಸದಾಗಿ ನಿರ್ಣಯಿಸುತ್ತಿದ್ದರೆಂಬುದೂ ಇದರಿಂದಲೇ ತಿಳಿಯುವುದು.

1931ರ ಮಾರ್ಚ್ 14ರಂದು ‘ಆಲಂ ಆರಾ’ ತೆರೆಕಂಡಿತು. ಮರುವರ್ಷ ಕಲಕತ್ತೆಯ ಮದನ್ ಕಂಪೆನಿಯವರು ಲಖನೌದ ಹಳೆಯ ಗೇಯನಾಟಕವಾದ ‘ಇಂದ್ರಸಭಾ’ವನ್ನು ಸುಮಾರು 70 ಹಾಡುಗಳೊಡನೆ ಚಿತ್ರವಾಗಿಸಿದರು. ನಾಟಕವನ್ನು ಇಡಿಯಾಗಿ ಹೊತ್ತುಕೊಂಡು ಹೋಗಬಹುದೆಂಬ ನಂಬಿಕೆ ಆಗ ಎಷ್ಟು ಬಲವಾಗಿತ್ತೆಂಬುದಕ್ಕೆ ಈ ಸಂಖ್ಯೆಯೇ ಸಾಕ್ಷಿ. 1934ರ ಮಾರ್ಚ್ 3ರಂದು ಬೆಂಗಳೂರಿನಲ್ಲಿ ‘ಸತೀ ಸುಲೋಚನಾ’ ತೆರೆಕಂಡಿತು. ವೈ. ವಿ. ರಾವ್ ನಿರ್ದೇಶಕರು, ಸಂಭಾಷಣೆ ಬೆಳ್ಳಾವೆ ನರಹರಿ ಶಾಸ್ತ್ರಿಗಳದು, ಇಂದ್ರಜಿತುವಾಗಿ ಎಂ. ವಿ. ಸುಬ್ಬಯ್ಯನಾಯ್ಡು, ರಾವಣನಾಗಿ ಆರ್. ನಾಗೇಂದ್ರರಾವ್, ಸುಲೋಚನೆಯಾಗಿ ತ್ರಿಪುರಾಂಬಾ. ಮುಖ್ಯರಾದವರು ರಂಗಭೂಮಿಯವರೇ. ಚಿತ್ರವು ತಯಾರಾದುದು ಕೊಲ್ಹಾಪುರದಲ್ಲಿ. ಗುಬ್ಬಿ ವೀರಣ್ಣನವರ ‘ಸದಾರಮೆ’ 1935ರಲ್ಲಿ ಹಿಂಬಾಲಿಸಿತು.

ಆ ಕಾಲದಲ್ಲಿ ನಟನು ಕ್ಯಾಮೆರಾದ ಮುಂದೆಯೇ ಹಾಡಬೇಕು. ಧ್ವನಿಗ್ರಾಹಕದ ಅಳವಿನಾಚೆಗೆ ಚಲಿಸಕೂಡದು. ಪಕ್ಕವಾದ್ಯದವರು ದೃಶ್ಯದ ಹೊರಗೆ ಮರೆಯಾಗಿ ಕುಳಿತು ನುಡಿಸಬೇಕು. ಸಾವಿರ ಅಡಿಯ ರೀಲು ಸುಮಾರು 11 ನಿಮಿಷಗಳಲ್ಲಿ ಮುಗಿಯುವುದು. ಹಾಡು ಗ್ರಾಮಫೋನ್ ತಟ್ಟೆಗೂ ಒಗ್ಗಬೇಕಾದರೆ ಒಂದು ಮಗ್ಗುಲಿಗೆ ಮೂರು ಮೂರೂವರೆ ನಿಮಿಷ ಮಾತ್ರ. ಸಭೆಯ ಕೈಯಲ್ಲಿದ್ದ ಕಾಲಪ್ರಮಾಣವು ಹೀಗೆ ಯಂತ್ರದ ಕೈಗೆ ಹೋಯಿತು. ಆರಂಭದ ಚಿತ್ರಗಳಲ್ಲಿ ನಟರು ಕಂಬದಂತೆ ನಿಂತು ಹಾಡಿದರೆಂದು ಆಕ್ಷೇಪಿಸುವವರು ಅದಕ್ಕೆ ನಾಟಕದ ಅಭ್ಯಾಸವನ್ನು ಕಾರಣವಾಗಿ ಹೇಳುವರು. ಆನೆ ಕುದುರೆಗಳನ್ನೇ ರಂಗದ ಮೇಲೆ ತಂದು ‘ಕುರುಕ್ಷೇತ್ರ’ವನ್ನು ಆಡಿದ ಗುಬ್ಬಿಯವರಿಗೆ ಚಲನೆಯ ಅಭ್ಯಾಸವಿರಲಿಲ್ಲವೆಂಬುದು ನಂಬತಕ್ಕ ಮಾತಲ್ಲ. ಧ್ವನಿಗ್ರಹಣದ ಕಟ್ಟುಪಾಡೇ ಆ ಜಡತೆಗೆ ಬಹುಮಟ್ಟಿಗೆ ಕಾರಣವೆಂದು ನಮ್ಮ ಅಭಿಪ್ರಾಯ.

ಈ ವಿಚಾರಕ್ಕೆ ಮರಾಠೀ ರಂಗದ ಒಂದು ಉದಾಹರಣೆ ಬೆಳಕನ್ನು ಕೊಡುತ್ತದೆ. ಸ್ತ್ರೀಪಾತ್ರಗಳಿಂದಲೂ ಗಾನದಿಂದಲೂ ಸಭೆಗಳನ್ನು ಗೆದ್ದ ಬಾಲಗಂಧರ್ವರು 1935ರಲ್ಲಿ ಶಾಂತಾರಾಮರ ‘ಧರ್ಮಾತ್ಮಾ’ ಚಿತ್ರದಲ್ಲಿ ಏಕನಾಥರಾಗಿ ಪುರುಷಪಾತ್ರವನ್ನು ವಹಿಸಿದರು. ಅನಂತರ ಅವರ ನಾಟಕವನ್ನೇ ಮೀರಾಬಾಯಿಯ ಚಿತ್ರವಾಗಿ ತೆಗೆದಾಗ ಜನರು ಅದನ್ನು ಆದರಿಸಲಿಲ್ಲ. ಕಂಠವು ಅದೇ, ವೇಷವು ಅದೇ. ರಂಗದ ದೂರದಲ್ಲಿ, ದೀಪದ ಬೆಳಕಿನಲ್ಲಿ, ಸಭಿಕರು ಸ್ವೇಚ್ಛೆಯಿಂದ ಒಪ್ಪಿಕೊಂಡಿದ್ದ ಸ್ತ್ರೀರೂಪವನ್ನು ಸಮೀಪಕ್ಕೆ ತಂದ ಕ್ಯಾಮೆರಾ ಪರೀಕ್ಷೆಗೆ ಒಡ್ಡಿತು. ಒಪ್ಪಂದವು ಮುರಿದ ಮೇಲೆ ಗಾನವೊಂದೇ ಅದನ್ನು ಕೂಡಿಸಲಾರದೆ ಹೋಯಿತು.

ಹಾಗಾದರೆ ನಾಟಕದಿಂದ ಚಿತ್ರಕ್ಕೆ ಸುರಕ್ಷಿತವಾಗಿ ದಾಟಿದುದು ಯಾವುದು? ಮೈಸೂರಿನ ಶ್ರೀ ಸಾಹಿತ್ಯ ಸಾಮ್ರಾಜ್ಯ ನಾಟಕ ಮಂಡಳಿಯ ‘ಭೂಕೈಲಾಸ’ವು ಇದಕ್ಕೆ ಉತ್ತರ. ರಾವಣನ ಆತ್ಮಲಿಂಗವು ಗೋಕರ್ಣದಲ್ಲಿ ನೆಲೆಗೊಂಡ ಈ ಕಥೆಯನ್ನು ಎ. ವಿ. ಮೆಯ್ಯಪ್ಪನವರು 1940ರಲ್ಲಿ ತೆಲುಗಿನಲ್ಲಿ ಚಿತ್ರವಾಗಿಸಿದರು. ರಾವಣ ಸುಬ್ಬಯ್ಯನಾಯ್ಡು, ನಾರದ ನಾಗೇಂದ್ರರಾವ್. ನಟರು ಕನ್ನಡದವರು, ಮಾತೂ ಹಾಡೂ ತೆಲುಗಿನವು. 1958ರಲ್ಲಿ ಇದೇ ಕಥೆ ಕನ್ನಡ ತೆಲುಗುಗಳೆರಡರಲ್ಲಿಯೂ ಮತ್ತೆ ಚಿತ್ರವಾಯಿತು. ಕಥಾಸಂವಿಧಾನವೂ ನಟನ ಶಿಕ್ಷಣವೂ ಭಾಷೆಯನ್ನೇ ದಾಟಬಲ್ಲುವು. ಹಾಡನ್ನು ಮಾತ್ರ ಪ್ರತಿಸಲವೂ ಹೊಸದಾಗಿ ಕಟ್ಟಬೇಕಾಗುವುದು.

1935ರಿಂದ ಕಲಕತ್ತೆಯಲ್ಲಿ ಬಳಕೆಗೆ ಬಂದ ಹಿನ್ನೆಲೆಗಾಯನವು ಕಂಠವನ್ನು ದೇಹದಿಂದ ಬೇರ್ಪಡಿಸಿತು. ಇದರ ಫಲವನ್ನು 1954ರ ‘ಬೇಡರ ಕಣ್ಣಪ್ಪ’ದಲ್ಲಿ ಕಾಣಬಹುದು. ರಂಗದ ಮೇಲೆ ಪ್ರಸಿದ್ಧವಾಗಿದ್ದ ನಾಟಕವನ್ನು ಎಚ್. ಎಲ್. ಎನ್. ಸಿಂಹರು ಚಿತ್ರಿಸಿದರು. ಬಾಲ್ಯದಿಂದ ಗುಬ್ಬಿಯ ಕಂಪೆನಿಯಲ್ಲಿ ಬೆಳೆದ ರಾಜಕುಮಾರರು ನಾಯಕರಾದರು. ಹಾಡಬಲ್ಲ ಆ ನಟನಿಗೆ ಪರಕೀಯ ಕಂಠವನ್ನು ಜೋಡಿಸಲಾಯಿತು. ಹಾಡುವ ಹೊಣೆಯಿಂದ ಮುಕ್ತನಾದ ನಟನು ಮುಖದಿಂದಲೂ ಮೈಯಿಂದಲೂ ಅಭಿನಯಿಸಲು ಅವಕಾಶ ದೊರೆಯಿತು. ಈ ಲಾಭವನ್ನು ನಾಟಕಾಭಿಮಾನಿಗಳು ನಿಷ್ಪಕ್ಷಪಾತವಾಗಿ ಒಪ್ಪತಕ್ಕದ್ದು. ಅದೇ ನಟನ ಕಂಠವು 1956ರ ‘ಓಹಿಲೇಶ್ವರ’ದಲ್ಲಿ ಒಮ್ಮೆ ಕೇಳಿಬಂದು, 1974ರ ‘ಸಂಪತ್ತಿಗೆ ಸವಾಲ್’ ಚಿತ್ರದಿಂದ ಮುಂದೆ ಸ್ಥಿರವಾಯಿತು. ಆ ಚಿತ್ರವೂ ಪಿ. ಬಿ. ಧುತ್ತರಗಿಯವರ ಕಂಪೆನಿ ನಾಟಕದಿಂದಲೇ ಬಂದುದು. ದೇಹಕ್ಕೂ ಕಂಠಕ್ಕೂ ಮರಳಿ ಸಂಧಿಯಾಯಿತು. ಕೇಳುವ ಸಭೆ ಮಾತ್ರ ಧ್ವನಿಮುದ್ರಣದ ಕೋಣೆಯೊಳಕ್ಕೆ ಬರಲಿಲ್ಲ.

ಈ ಚರ್ಚೆಯಿಂದ ನಮ್ಮ ಅಧ್ಯಾಪಕವರ್ಗಕ್ಕೆ ಆಗತಕ್ಕ ಪ್ರಯೋಜನವೊಂದುಂಟು. ಕಂಪೆನಿ ನಾಟಕಗಳು ಸಾಹಿತ್ಯದೃಷ್ಟಿಯಿಂದ ಸತ್ತ್ವಹೀನವೆಂದು ಮುದ್ರಿತ ಪುಸ್ತಕವನ್ನು ಮಾತ್ರ ನೋಡಿ ತೀರ್ಪುಕೊಡುವ ವಾಡಿಕೆಯಿದೆ. ಚಿತ್ರಗಳನ್ನು ನೋಡಿ ಆ ತೀರ್ಪನ್ನು ತಿದ್ದೋಣವೆಂದರೆ ‘ಸತೀ ಸುಲೋಚನಾ’ದ ಪ್ರತಿಯೇ ಇಂದು ಉಳಿದಿಲ್ಲ, ಉಳಿದ ಚಿತ್ರಗಳು ಯಂತ್ರದ ಅಳತೆಗೆ ಕತ್ತರಿಸಿದ ಹಾಡುಗಳನ್ನು ತೋರಿಸುವುವು. ಆದುದರಿಂದ ಪುಸ್ತಕದ ಮೇಲಿರುವ ರಾಗ, ತಾಳ, ಮಟ್ಟುಗಳ ಸೂಚನೆಗಳನ್ನು ಪಠ್ಯದ ಅಂಗವೆಂದೇ ಎಣಿಸಿ, ಹಳೆಯ ಮಟ್ಟುಗಳನ್ನು ಬಲ್ಲ ವೃತ್ತಿನಟರಿರುವಾಗಲೇ ಅವನ್ನು ಹಾಡಿಸಿ ಸಂಗ್ರಹಿಸುವುದು ವಿದ್ವತ್ಸಂಸ್ಥೆಗಳ ಕರ್ತವ್ಯವಾಗಿದೆ. ಅಷ್ಟಾಗದ ಹೊರತು ನಾಟಕ ಮೇಲೋ ಚಿತ್ರ ಮೇಲೋ ಎಂಬ ವಾದವನ್ನು ತೂಗತಕ್ಕ ತಕ್ಕಡಿಯ ಒಂದು ತಟ್ಟೆ ಬರಿದಾಗಿಯೇ ಇರುವುದು.