ಹೆಸರಿಲ್ಲದ ಭಾವಚಿತ್ರಗಳು ಮತ್ತು ಮನೆತನದ ಚರಿತ್ರೆ

ಕಲಬುರಗಿ ಜಿಲ್ಲೆಯ ಸನ್ನತಿಗೆ ಸಮೀಪದ ಕನಗನಹಳ್ಳಿಯಲ್ಲಿ ೧೯೯೦ರ ದಶಕದಲ್ಲಿ ನಡೆದ ಉತ್ಖನನದಿಂದ ಪ್ರಾಚೀನ ಬೌದ್ಧ ಸ್ತೂಪವೊಂದರ ಅವಶೇಷಗಳು ಬೆಳಕಿಗೆ ಬಂದವು. ಅಲ್ಲಿಯ ಶಿಲಾಫಲಕವೊಂದರಲ್ಲಿ ಅರಸನೊಬ್ಬನು ರಾಣಿ ಹಾಗೂ ಪರಿಚಾರಿಕೆಯರೊಡನೆ ನಿಂತಿದ್ದಾನೆ. ಆತನು ಅಶೋಕನೆಂದು ಇಂದು ಜಗತ್ತು ಬಲ್ಲದು. ಏಕೆಂದರೆ ಫಲಕದ ಮೇಲೆ ಬ್ರಾಹ್ಮೀ ಲಿಪಿಯಲ್ಲಿ ಅವನ ಹೆಸರನ್ನು ಕೆತ್ತಲಾಗಿದೆ. ಆ ಕೆಲವೇ ಅಕ್ಷರಗಳು ಇರದಿದ್ದರೆ ಮೌರ್ಯ ಸಾಮ್ರಾಟನೂ ಯಾರೋ ಒಬ್ಬ ಅರಸನಾಗಿ ಉಳಿಯುತ್ತಿದ್ದನು. ಸಾಮ್ರಾಟನ ಗತಿಯೇ ಹೀಗಿರುವಾಗ ನಮ್ಮ ಪಡಸಾಲೆಯ ಗೋಡೆಗೆ ತೂಗುಹಾಕಿದ ಮುತ್ತಜ್ಜನ ಭಾವಚಿತ್ರದ ಗತಿಯೇನು?

ಕಲಬುರಗಿ ನಗರದ ಹಳೆಯ ಮನೆಗಳಲ್ಲಿಯೂ ಕಮಲಾಪುರದ ಸುತ್ತಣ ಹಳ್ಳಿಗಳಲ್ಲಿಯೂ ಇಂತಹ ಚಿತ್ರಗಳು ಅನೇಕವಿವೆ. ರುಮಾಲು ಸುತ್ತಿದ ಹಿರಿಯರ ಹೆಸರು ಹೇಗೋ ನೆನಪಿನಲ್ಲಿ ಉಳಿಯುತ್ತದೆ. ಪಕ್ಕದಲ್ಲಿ ಕುಳಿತ ತಾಯಿಯ ಹೆಸರು ಮೊದಲು ಮರೆಯಾಗುತ್ತದೆ. ವಂಶಾವಳಿಯು ಗಂಡುಮಕ್ಕಳ ಹೆಸರನ್ನಷ್ಟೇ ಹಿಡಿದು ಸಾಗುತ್ತದೆ. ಆದರೆ ಮನೆಯ ತೊಟ್ಟಿಲು, ಹಿತ್ತಾಳೆಯ ಪಾತ್ರೆ, ಬೆಳ್ಳಿಯ ಆಭರಣಗಳಲ್ಲಿ ಎಷ್ಟೋ ಬಂದದ್ದು ಸೊಸೆಯಂದಿರ ತವರಿನಿಂದ. ವಸ್ತುವು ಯಾವ ಊರಿನಿಂದ ಬಂದಿತೆಂದು ವಿಚಾರಿಸಿದರೆ, ವಂಶಾವಳಿಯಲ್ಲಿ ಕಾಣದ ಅಜ್ಜಿಯರ ನೆಲೆ ತಿಳಿದುಬರುತ್ತದೆ. ಮಜ್ಜಿಗೆಯ ಕಂಬದಷ್ಟು ಸಾಮಾನ್ಯವಾದ ವಸ್ತುವಿಗೂ, ಹಿರಿಯರ ಇಷ್ಟಲಿಂಗವನ್ನು ಕಾಪಾಡಿದ ಕರಡಿಗೆಗೂ ಇಂತಹ ವೃತ್ತಾಂತ ಉಂಟು.

ನಮ್ಮ ಭಾಗದ ವಸ್ತುಗಳನ್ನು ಓದುವಾಗ ಕಾಲಗಣನೆಯ ಎಚ್ಚರ ಅಗತ್ಯ. ನಿಜಾಮರ ಆಳ್ವಿಕೆಯ ಚಾರ್‌ಮಿನಾರ್ ಚಿತ್ರದ ಹಾಲಿ ಸಿಕ್ಕಾ ನಾಣ್ಯಗಳ ಮೇಲೆ ಹಿಜರಿ ಸಂವತ್ಸರವಿದ್ದರೆ, ಕಂದಾಯದ ಕಾಗದಗಳಲ್ಲಿ ಫಸಲಿ ವರ್ಷವಿರುತ್ತದೆ. ೧೩೩೦ ಎಂಬ ಅಂಕಿ ನಾಣ್ಯದ ಮೇಲಿದ್ದರೆ ಅದು ಬಹುಪಾಲು ಕ್ರಿ.ಶ. ೧೯೧೨, ಅದೇ ಅಂಕಿ ಜಮೀನಿನ ಕಾಗದದಲ್ಲಿದ್ದರೆ ೧೯೨೦-೨೧. ಹೈದರಾಬಾದ್ ಸಂಸ್ಥಾನದ ಫಸಲಿ ವರ್ಷಕ್ಕೆ ೫೯೦ನ್ನು ಕೂಡಿಸಿದರೆ ಅದು ಆರಂಭವಾದ ಕ್ರಿಸ್ತವರ್ಷ ದೊರೆಯುತ್ತದೆ. ಊರಿನ ಹೆಸರೂ ಹಾಗೆಯೇ. ಇಂದು ತಾಲೂಕು ಕೇಂದ್ರವಾಗಿರುವ ಕಮಲಾಪುರವನ್ನು ಹಳೆಯ ದಾಖಲೆಗಳಲ್ಲಿ ಗುಲ್ಬರ್ಗಾ ತಾಲೂಕಿನಲ್ಲಿ ಹುಡುಕಬೇಕು; ಕಲಬುರಗಿ ಎಂಬ ಹೆಸರು ಅಧಿಕೃತವಾದುದು ೨೦೧೪ರ ನವೆಂಬರ್ ೧ರಂದು. ಉರ್ದು ಅಥವಾ ಮೋಡಿ ಲಿಪಿಯ ಕಾಗದವನ್ನು ಓದಲಾಗದೆಂದು ರದ್ದಿಗೆ ಹಾಕುವವರು, ತಮ್ಮ ಮನೆಯ ಸಾಕ್ಷಿಯನ್ನೇ ಕಳೆದುಕೊಳ್ಳುತ್ತಾರೆ.

ನೆಲವೂ ಒಂದು ದಾಖಲೆಯೇ. ೧೩೪೭ರಲ್ಲಿ ಬಹಮನಿ ರಾಜಧಾನಿಯಾದ ಕಲಬುರಗಿಯ ಕೋಟೆಯು ಸುಲ್ತಾನರ ಕಥೆಯನ್ನು ಹೇಳುತ್ತದೆ. ಹೊಲದ ಮೂಲೆಯ ಗದ್ದುಗೆ, ಮೆಟ್ಟಿಲುಗಳ ಹಳೆಯ ಬಾವಿ, ಊರ ಅಗಸೆ, ಪಾಳುಬಿದ್ದ ವಾಡೆ ನಮ್ಮ ಮನೆತನದ ಕಥೆಯನ್ನು ಹೇಳುತ್ತವೆ. ಲಿಂಗಾಯತರಲ್ಲಿ ಹೂಳುವ ಸಂಪ್ರದಾಯವಿರುವುದರಿಂದ ಹೊಲವೇ ಹಿರಿಯರ ವಿಶ್ರಾಂತಿಸ್ಥಾನವೂ ಆಗಿದೆ. ಆ ಹೊಲ ಮಾರಾಟವಾಗಿ ಬಡಾವಣೆಯಾದರೆ ಗದ್ದುಗೆಯ ಗುರುತು ಒಂದು ತಲೆಮಾರಿನಲ್ಲಿಯೇ ಅಳಿಸಿಹೋಗುತ್ತದೆ.

೧೯೪೭-೪೮ರ ಕ್ಷೋಭೆಯಲ್ಲಿ ರಜಾಕಾರರ ಹಾವಳಿಗೆ ಅಂಜಿ ಅನೇಕ ಕುಟುಂಬಗಳು ಗಡಿ ದಾಟಿದವು. ೧೯೪೮ರ ಸೆಪ್ಟೆಂಬರಿನ ಪೊಲೀಸ್ ಕಾರ್ಯಾಚರಣೆಯ ಅನಂತರ ಮುಸ್ಲಿಮ್ ಮನೆತನಗಳೂ ಅಪಾರ ಕಷ್ಟನಷ್ಟಗಳಿಗೆ ಈಡಾದವು. ಓಡುವವರು ಪೆಟ್ಟಿಗೆಗಳನ್ನು ಹೊತ್ತೊಯ್ಯಲಾರರು. ಆ ದಿನಗಳನ್ನು ಕಣ್ಣಾರೆ ಕಂಡವರು ಈಗ ಎಂಬತ್ತನ್ನು ದಾಟಿದ್ದಾರೆ; ಅವರೊಡನೆ ಉಳಿದ ಹೆಸರುಗಳೂ ಹೊರಟುಹೋಗಲಿವೆ.

ಆದುದರಿಂದ ಸದ್ಭಕ್ತರು ಹಾಗೂ ಹಳೆಯ ವಿದ್ಯಾರ್ಥಿಗಳು ಈ ತಿಂಗಳೇ ಒಂದು ಕಾರ್ಯವನ್ನು ಕೈಗೊಳ್ಳಬೇಕು. ಮನೆಯ ಹಿರಿಯರೊಡನೆ ಕುಳಿತು ಪ್ರತಿಯೊಂದು ಚಿತ್ರದ ಹಿಂಬದಿಯಲ್ಲಿ ಮೃದುವಾದ ಪೆನ್ಸಿಲ್‌ನಿಂದ ವ್ಯಕ್ತಿಯ ಹೆಸರು, ಸಂಬಂಧ, ಊರು, ಅಂದಾಜು ವರ್ಷ ಹಾಗೂ ಹೇಳಿದವರ ಹೆಸರನ್ನು ಬರೆಯಬೇಕು. ಪ್ರಸಾದ ನಿಲಯದ ದಿನಗಳ ಸಾಮೂಹಿಕ ಚಿತ್ರಗಳಿಗೂ ಇದೇ ಕ್ರಮ ಸಲ್ಲುತ್ತದೆ. ಕೇಳಿದ್ದನ್ನು ಕೇಳಿದ್ದೆಂದೂ, ಕಾಗದದಲ್ಲಿ ಕಂಡದ್ದನ್ನು ಕಂಡದ್ದೆಂದೂ ಬೇರ್ಪಡಿಸಿ ಬರೆಯಬೇಕು. ತಾಯಂದಿರ ಹೆಸರಿನಿಂದ ಆರಂಭಿಸುವುದು ಒಳಿತು.