ಕತ್ತಿ, ಮಾಯೆ ಮತ್ತು ಪುಣೆಯ ಒಂದು ಹಳೇ ಜಗಳ

ಪುಣೆಗೆ ಬಂದು ಮೂವತ್ತು ವರ್ಷ ದಾಟಿತು. ಹುಬ್ಬಳ್ಳಿ ಕಡೆಯ ಮಾತು ಇನ್ನೂ ಬಿಟ್ಟಿಲ್ಲ, ಸಿನಿಮಾ ಹುಚ್ಚೂ ಬಿಟ್ಟಿಲ್ಲ. ಆಫೀಸಿನಲ್ಲಿ ಚಹಾದ ಹೊತ್ತಿಗೆ ಒಬ್ಬ ಮರಾಠಿ ಗೆಳೆಯನ ಜೊತೆ ಈ ವಿಷಯಕ್ಕೆ ಜಗಳ ಆಡದ ವಾರವೇ ಇರಲಿಲ್ಲ ಅನ್ನಿ. 2018ರಲ್ಲಿ 'ಕೆಜಿಎಫ್' ಬಂದಾಗ ಅವನು ಕೇಳಿದ: "ಇದಕ್ಕಿಂತ ಮುಂಚೆ ನೀವು ಕನ್ನಡದವರು ಯಾವ ಆಕ್ಷನ್ ಪಿಕ್ಚರ್ ಮಾಡಿದ್ರಿ?"

ರಾಜಕುಮಾರರ 'ಮಯೂರ' (1975), 'ಬಬ್ರುವಾಹನ' (1977) ಅಂತ ಶುರು ಮಾಡಬಹುದಿತ್ತು. ಅವು ನಮ್ಮಲ್ಲಿ ಎಲ್ಲರಿಗೂ ಗೊತ್ತಿರುವ ಚಿತ್ರಗಳು, ಅವಕ್ಕೆ ನನ್ನ ವಕಾಲತ್ತು ಬೇಕಿಲ್ಲ. ನನ್ನ ಬಾಯಲ್ಲಿ ಬಂದದ್ದು ಗಿರೀಶ್ ಕಾರ್ನಾಡರ 'ಒಂದಾನೊಂದು ಕಾಲದಲ್ಲಿ' (1978). ಅವನು ಹೆಸರೇ ಕೇಳಿರಲಿಲ್ಲ. ಹೋಗಲಿ, ಅವನು ಮರಾಠಿಯವ. ನಮ್ಮವರಲ್ಲೇ ಎಷ್ಟು ಜನ ನೋಡಿದ್ದಾರೆ ಹೇಳಿ? ಹಿತ್ತಲ ಗಿಡ ಮದ್ದಲ್ಲ ಅಂತ ಸುಮ್ಮನೆ ಹೇಳಿಲ್ಲ ಹಿರಿಯರು.

ಈ ಚಿತ್ರದ ಕಥೆ ಸಣ್ಣದು. ಪುಟ್ಟ ಪುಟ್ಟ ಒಡೆಯರ ಮನೆಜಗಳಕ್ಕೆ ಕೂಲಿಗೆ ಕತ್ತಿ ಹಿಡಿಯುವ ಯೋಧರ ಕಥೆ. ಎದುರಾಳಿಗಳಾಗಿದ್ದ ಗಂಡುಗಲಿ ಮತ್ತು ಪೆರ್ಮಾಡಿ ಕೊನೆಗೆ ಒಂದಾಗುತ್ತಾರೆ. ಕುರೋಸಾವನ ಸಮುರಾಯ್ ಚಿತ್ರಗಳ ನೆರಳು ಢಾಳಾಗಿ ಕಾಣುತ್ತದೆ, ಆದರೆ ಮಣ್ಣು, ಮಳೆ, ಮಾತು ಎಲ್ಲಾ ನಮ್ಮದು. ಶಂಕರ್ ನಾಗ್‌ಗೆ ಇದು ಮೊದಲ ಚಿತ್ರ. ಮೊದಲ ಚಿತ್ರಕ್ಕೇ ಭಾರತದ ಅಂತಾರಾಷ್ಟ್ರೀಯ ಚಿತ್ರೋತ್ಸವದಲ್ಲಿ ಶ್ರೇಷ್ಠ ನಟ ಪ್ರಶಸ್ತಿ ಬಂತು. ಸುಂದರಕೃಷ್ಣ ಅರಸು ಎದುರಿಗೆ ನಿಂತರೆ ಮೈ ಝುಂ ಅನ್ನುತ್ತದೆ.

ಇಲ್ಲಿ ನನ್ನ ಗೆಳೆಯನಿಗೆ ಗೊತ್ತಿಲ್ಲದ ಇನ್ನೊಂದು ಸಂಗತಿ ಇತ್ತು. ಈ ಚಿತ್ರಕ್ಕೆ ಅವನ ಪುಣೆಯ ನಂಟೂ ಇದೆ! ಸಂಗೀತ ಕೊಟ್ಟವರು ಭಾಸ್ಕರ್ ಚಂದಾವರ್ಕರ್, ಇಲ್ಲಿಯ ಫಿಲ್ಮ್ ಇನ್‌ಸ್ಟಿಟ್ಯೂಟಿನಲ್ಲಿ ಪಾಠ ಹೇಳಿದವರು. ಕ್ಯಾಮೆರಾ ಹಿಡಿದ ಎ. ಕೆ. ಬೀರ್ ಅಲ್ಲೇ ಕಲಿತವರು. ಕಾರ್ನಾಡರು 1974-75ರಲ್ಲಿ ಅದರ ನಿರ್ದೇಶಕರಾಗಿದ್ದರು.

ಆ ಇನ್‌ಸ್ಟಿಟ್ಯೂಟು 1960ರಲ್ಲಿ ಶುರುವಾದದ್ದು ಪ್ರಭಾತ್ ಫಿಲ್ಮ್ ಕಂಪನಿಯ ಜಾಗದಲ್ಲಿ. 1929ರಲ್ಲಿ ಕೊಲ್ಹಾಪುರದಲ್ಲಿ ಹುಟ್ಟಿದ ಪ್ರಭಾತ್ 1933ರಲ್ಲಿ ಪುಣೆಗೆ ಬಂತು. ಅದರ ಪಾಲುದಾರರಲ್ಲಿ ಒಬ್ಬರು ವಿ. ಶಾಂತಾರಾಮ್. ಅಂದಹಾಗೆ, ಶಾಂತಾರಾಮ್ ಹುಡುಗರಾಗಿದ್ದಾಗ ನಮ್ಮ ಹುಬ್ಬಳ್ಳಿಯ ರೈಲ್ವೆ ವರ್ಕ್‌ಶಾಪಿನಲ್ಲಿ ದುಡಿದವರು, ಅಲ್ಲೇ ಒಂದು ತಗಡಿನ ಥೇಟರಿನಲ್ಲಿ ಸಣ್ಣಪುಟ್ಟ ಕೆಲಸ ಮಾಡುತ್ತಾ ಸಿನಿಮಾ ನೋಡಿದವರು. ಇದನ್ನು ಹೇಳುವಾಗ ನನ್ನ ಕಾಲರು ತಾನಾಗೇ ಮೇಲೇಳುತ್ತದೆ.

ಅವರ 'ಅಮೃತ ಮಂಥನ' (1934) ಎಂದರೆ ಜನ ಚಂದ್ರಮೋಹನನ ಆ ದೊಡ್ಡ ಕಣ್ಣನ್ನು ನೆನೆಯುತ್ತಾರೆ. ನನ್ನ ಮಟ್ಟಿಗೆ ಅದಕ್ಕಿಂತ ದೊಡ್ಡದು, ಜನ ಮರೆತಿರುವ 'ಅಮರ ಜ್ಯೋತಿ' (1936). ದುರ್ಗಾ ಖೋಟೆ ಅದರಲ್ಲಿ ಕಡಲ್ಗಳ್ಳರ ರಾಣಿ! ಹಡಗು, ಕತ್ತಿವರಸೆ, ಸೇಡು, ಏನುಂಟು ಏನಿಲ್ಲ. ಆದರೆ ಆಕೆ ಕತ್ತಿ ಹಿಡಿದದ್ದು ಯಾಕೆ? ಹೆತ್ತ ಮಗನನ್ನು ತನ್ನ ಬಳಿ ಇಟ್ಟುಕೊಳ್ಳುವ ಹಕ್ಕು ತಾಯಿಗಿಲ್ಲ ಎಂದು ನ್ಯಾಯ ಹೇಳಿದ್ದಕ್ಕೆ. 1936ರಲ್ಲಿ ಈ ಮಾತು ಎತ್ತಿದ್ದರು ಮಾರಾಯ್ರೆ.

ಇನ್ನು ನಿರಾಸೆಯ ಸರದಿ. 2002ರಲ್ಲಿ 'ಅಗ್ನಿವರ್ಷ' ಬಂತು. ಕಾರ್ನಾಡರ 'ಅಗ್ನಿ ಮತ್ತು ಮಳೆ' ನಾಟಕ, ಅರ್ಜುನ್ ಸಜ್ನಾನಿ ನಿರ್ದೇಶನ, ಹಂಪಿಯಲ್ಲಿ ಚಿತ್ರೀಕರಣ, ಇಂದ್ರನಾಗಿ ಅಮಿತಾಭ್, ಬ್ರಹ್ಮರಾಕ್ಷಸನಾಗಿ ಪ್ರಭುದೇವ. "ನಮ್ಮವರ ಕಥೆ, ನೋಡು ಬಾ" ಎಂದು ಇದೇ ಗೆಳೆಯನನ್ನು ನನ್ನ ಖರ್ಚಿನಲ್ಲಿ ಕರೆದುಕೊಂಡು ಹೋಗಿದ್ದೆ. ಬೆಟ್ಟ ಅಗೆದು ಇಲಿ ಹಿಡಿದ ಹಾಗಾಯಿತು. ಬ್ರಹ್ಮರಾಕ್ಷಸ ಬಂದಾಗ ಗೆಳೆಯ ನಕ್ಕ, ನಾನು ಕತ್ತಲಲ್ಲಿ ತಲೆ ತಗ್ಗಿಸಿ ಕೂತೆ. ಹಂಪಿ ಚಂದ, ಬಟ್ಟೆ ಚಂದ, ಮುಖಗಳು ಚಂದ. ಆದರೆ ನಾಟಕ ಓದಿದಾಗ ಎದೆ ಹಿಂಡುವ ಬೇಡರ ಹುಡುಗಿ ನಿತ್ತಿಲೆಯ ಸಂಕಟ ದೇವರು-ರಾಕ್ಷಸರ ಗದ್ದಲದಲ್ಲಿ ಮುಚ್ಚಿಹೋಗಿತ್ತು. ಆ ಪಾತ್ರ ಮಾಡಿದ ಪುಣೆಯ ಸೋನಾಲಿ ಕುಲಕರ್ಣಿ ಒಬ್ಬಳೇ ನೆನಪಲ್ಲಿ ಉಳಿದಳು.

ಬಹಳ ದಿನ ನಾನು ಸ್ಟಾರುಗಳನ್ನೇ ಬೈಯುತ್ತಿದ್ದೆ. ಆಮೇಲೆ ಸೋನಾಲಿಯ ಮೊದಲ ಚಿತ್ರ, ಕಾರ್ನಾಡರದೇ 'ಚೆಲುವಿ' (1992) ನೋಡಿದೆ. ಹೂ ಬಿಡುವ ಮರವಾಗುವ ಹುಡುಗಿಯ ನಮ್ಮ ಜನಪದ ಕಥೆ, ಹಿಂದಿಯಲ್ಲಿ. ಅದರ ಮಾಯೆಯಲ್ಲಿ ಗದ್ದಲವೇ ಇಲ್ಲ. ಕೊಂಬೆ ಮುರಿದರೆ ಅವಳು ಮತ್ತೆ ಪೂರ್ತಿ ಹೆಣ್ಣಾಗಲಾರಳು, ಅಷ್ಟೇ ಭಯ. ಆ ಭಯ ಸಾಕಾಯಿತು ನನ್ನನ್ನು ಹಿಡಿದು ಕೂರಿಸಲು. 'ಅಮರ ಜ್ಯೋತಿ'ಯಲ್ಲೂ ಅದೇ ಅಲ್ಲವೇ? ಕಳೆದುಕೊಳ್ಳುವುದು ಏನೆಂದು ಗೊತ್ತಿದ್ದರೆ ಮಾತ್ರ ಕತ್ತಿಗೂ ಮಾಯೆಗೂ ಬೆಲೆ. ಬೈಯಬೇಕಾದದ್ದು ಸ್ಟಾರುಗಳನ್ನಲ್ಲ ಎಂದು ಆಗ ಹೊಳೆಯಿತು.

ಈ ಮಾತೆಲ್ಲ ಈಗ ಯಾಕೆ ಅಂತೀರಾ? 2003ರ ಜನವರಿ 8ರಂದು ಇದೇ ಇನ್‌ಸ್ಟಿಟ್ಯೂಟಿನ ಆವರಣದಲ್ಲಿ, ಫಿಲ್ಮ್ ಆರ್ಕೈವ್‌ನವರು ನೈಟ್ರೇಟ್ ರೀಲು ಇಟ್ಟಿದ್ದ ಜಾಗಕ್ಕೆ ಬೆಂಕಿ ಬಿತ್ತು. ನೈಟ್ರೇಟ್ ಎಂದರೆ ಮದ್ದಿನ ಹಾಗೆ, ಹತ್ತಿಕೊಂಡರೆ ಆರುವುದಿಲ್ಲ. 600ಕ್ಕೂ ಹೆಚ್ಚು ಚಿತ್ರಗಳ 5,000ಕ್ಕೂ ಹೆಚ್ಚು ರೀಲು ಹೋದವು. 1964ರಿಂದ ಪಿ. ಕೆ. ನಾಯರ್ ಅಂಥವರು ಊರೂರು ಅಲೆದು ಕೂಡಿಸಿದ ಭಂಡಾರ ಅದು. ಯಾವ ಚಿತ್ರ ಒಳ್ಳೆಯದು, ಯಾವುದು ಕೆಟ್ಟದು ಎಂದು ಜಗಳ ಆಡಲಿಕ್ಕಾದರೂ ಚಿತ್ರ ಉಳಿದಿರಬೇಕಲ್ಲ!

ಗೆಳೆಯನಿಗೆ ಕೊನೆಗೂ 'ಒಂದಾನೊಂದು ಕಾಲದಲ್ಲಿ' ತೋರಿಸಿದೆ. ಲ್ಯಾಪ್‌ಟಾಪಿನಲ್ಲಿ, ಮಸುಕು ಮಸುಕಾದ ಕಾಪಿ. ಈ ಸಲ ನಗಲಿಲ್ಲ. ಮುಗಿದ ಮೇಲೆ, "ಇದನ್ನ ದೊಡ್ಡ ಪರದೆ ಮೇಲೆ ಯಾಕೋ ತೋರಿಸಲಿಲ್ಲ ನನಗೆ?" ಎಂದು ನನ್ನ ಮೇಲೇ ರೇಗಿದ. ಏನು ಹೇಳಲಿ? ಚಹಾ ತರಿಸಿದೆ.