ನಟಿ ಸೂತ್ರಧಾರಿಣಿಯಾದ ಬಗೆ: ರಾಬಿನ್ ನೆವಿನ್ ಅವರ ರಂಗಜೀವನ

ಸಂಸ್ಕೃತ ನಾಟಕಗಳ ಪ್ರಸ್ತಾವನೆಯಲ್ಲಿ ಸೂತ್ರಧಾರನು ನೇಪಥ್ಯದ ಕಡೆಗೆ ತಿರುಗಿ ನಟಿಯನ್ನು ಕರೆಯುತ್ತಾನೆ, ಆಡಬೇಕಾದ ನಾಟಕವನ್ನು ತಿಳಿಸುತ್ತಾನೆ, ಆಕೆಯ ಗಾನವನ್ನು ಕೇಳಿ ತಲೆದೂಗುತ್ತಾನೆ. ಆಕೆ ಸೂತ್ರವನ್ನು ತಾನೇ ಕೈಗೆ ತೆಗೆದುಕೊಳ್ಳುವ ಸಂದರ್ಭ ಮಾತ್ರ ಅಲ್ಲಿ ಬರುವುದಿಲ್ಲ. ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಆಸ್ಟ್ರೇಲಿಯದ ರಂಗಭೂಮಿಯ ಮೇಲೆ ಅಂತಹ ಸಂದರ್ಭವೊಂದು ಒದಗಿತು. ಟೆಲಿವಿಷನ್ನಿನ ಮೂಲಕ ಮನೆಮನೆಗೆ ಪರಿಚಿತರಾದ ರಾಬಿನ್ ನೆವಿನ್ ಎಂಬ ನಟಿ ಕಾಲಕ್ರಮದಲ್ಲಿ ಎರಡು ಪ್ರಮುಖ ನಾಟಕಮಂಡಲಿಗಳ ಮುಖ್ಯ ನಿರ್ದೇಶಕಿಯಾಗಿ, ನಾಟಕಗಳ ಆಯ್ಕೆ, ನಟರ ನೇಮಕ, ಹಣದ ವಿನಿಯೋಗ ಇವೆಲ್ಲಕ್ಕೂ ಹೊಣೆಗಾರರಾದರು. ಇದನ್ನು ಒಂದು ವೃತ್ತಿಯನ್ನು ತೊರೆದು ಇನ್ನೊಂದನ್ನು ಹಿಡಿದ ವೃತ್ತಾಂತವೆಂದು ಭಾವಿಸುವುದು ಸುಲಭವಾದರೂ, ಆಕೆಯ ಆರು ದಶಕಗಳ ಕಾರ್ಯವನ್ನು ಕ್ರಮವಾಗಿ ಅವಲೋಕಿಸಿದಲ್ಲಿ, ಆಡಳಿತಪೀಠದಲ್ಲಿ ಕುಳಿತಾಗಲೂ ಆಕೆ ಕೈಗೊಂಡ ಮುಖ್ಯ ನಿರ್ಣಯಗಳೆಲ್ಲ ನಟವರ್ಗದ ಅನುಭವದಿಂದಲೇ ಹುಟ್ಟಿದವೆಂಬುದು ವ್ಯಕ್ತವಾಗುತ್ತದೆ. ಈ ಲೇಖನದ ಪ್ರತಿಪಾದ್ಯವೂ ಅದೇ.

ನೆವಿನ್ ಜನಿಸಿದ್ದು 1942ರಲ್ಲಿ, ಮೆಲ್ಬೋರ್ನ್ ನಗರದಲ್ಲಿ. ವಿದ್ಯಾಭ್ಯಾಸ ನಡೆದದ್ದು ಟಾಸ್ಮೇನಿಯ ದ್ವೀಪದ ರಾಜಧಾನಿಯಾದ ಹೋಬಾರ್ಟಿನಲ್ಲಿ. ಆ ಕಾಲದಲ್ಲಿ ಆಸ್ಟ್ರೇಲಿಯದ ನಟನಾಕಾಂಕ್ಷಿಗಳಿಗೆ ಸ್ವದೇಶದಲ್ಲಿ ಶಾಸ್ತ್ರೀಯ ಶಿಕ್ಷಣ ದೊರೆಯುವುದು ದುರ್ಲಭವಾಗಿತ್ತು. ಸಾಮರ್ಥ್ಯವುಳ್ಳವರು ಹಡಗು ಹತ್ತಿ ಲಂಡನ್ನಿಗೆ ತೆರಳುವುದೇ ರೂಢಿ. 1954ರಲ್ಲಿ ರಂಗಕಲೆಯ ಪೋಷಣೆಗಾಗಿ ಎಲಿಜಬೆತನ್ ಥಿಯೇಟರ್ ಟ್ರಸ್ಟ್ ಸ್ಥಾಪಿತವಾಗಿ, ಮರುವರ್ಷವೇ ರೇ ಲಾಲರ್ ಅವರ ‘ಸಮ್ಮರ್ ಆಫ್ ದಿ ಸೆವೆಂಟೀಂತ್ ಡಾಲ್’ ನಾಟಕವು ಕಬ್ಬಿನ ಗದ್ದೆಯ ಕೂಲಿಗಳ ಆಡುಮಾತನ್ನು ರಂಗಕ್ಕೆ ತಂದು ಜಯಗಳಿಸಿದ ಮೇಲೆ, ಈ ಭಾಷೆಯನ್ನು ಈ ನೆಲದ ಉಚ್ಚಾರಣೆಯಲ್ಲಿಯೇ ಆಡಬಲ್ಲ ನಟರು ಬೇಕೆಂಬ ಅರಿವು ಬಲಗೊಂಡಿತು. 1958ರಲ್ಲಿ ಸಿಡ್ನಿಯಲ್ಲಿ ಸ್ಥಾಪನೆಗೊಂಡ ರಾಷ್ಟ್ರೀಯ ನಾಟ್ಯಶಿಕ್ಷಣ ಸಂಸ್ಥೆಯು 1959ರಲ್ಲಿ ಪಾಠಗಳನ್ನು ಆರಂಭಿಸಿದಾಗ, ಅದರ ಪ್ರಥಮ ತಂಡದಲ್ಲಿ ಸೇರಿದವರಲ್ಲಿ ಹದಿನಾರರ ಪ್ರಾಯದ ನೆವಿನ್ ಒಬ್ಬರು.

ಶಿಕ್ಷಣವೇನೋ ದೊರೆಯಿತು, ಆದರೆ ಶಿಕ್ಷಿತರಾದವರಿಗೆ ವರ್ಷವಿಡೀ ಅನ್ನವೀಯಬಲ್ಲ ರಂಗಭೂಮಿ ಆಗ ಅಲ್ಲಿರಲಿಲ್ಲ. ಆಸ್ಟ್ರೇಲಿಯದಲ್ಲಿ ಟೆಲಿವಿಷನ್ ಪ್ರಸಾರ ಮೊದಲಾದದ್ದು 1956ರಲ್ಲಿ; ಹೋಬಾರ್ಟಿಗೆ ಅದು ತಲುಪಿದ್ದು 1960ರಲ್ಲಿ. ಊರಿಗೆ ಹಿಂದಿರುಗಿದ ನೆವಿನ್ ಅಲ್ಲಿನ ಎ.ಬಿ.ಸಿ. ಪ್ರಸಾರಕೇಂದ್ರದಲ್ಲಿ ರೇಡಿಯೋ ಮತ್ತು ಟೆಲಿವಿಷನ್ ಕಾರ್ಯಕ್ರಮಗಳ ನಿರೂಪಕಿಯಾಗಿ ಕೆಲವು ವರ್ಷ ಕಳೆದರು. ಚರಿತ್ರಕಾರರು ಇಂತಹ ವರ್ಷಗಳನ್ನು ಒಂದು ಸಾಲಿನಲ್ಲಿ ಮುಗಿಸಿಬಿಡುತ್ತಾರೆ. ಪ್ರಸಾರದ ಕೊಠಡಿಯಲ್ಲಿ ಪ್ರೇಕ್ಷಕನು ಎದುರಿಗಿರುವುದಿಲ್ಲ, ಗಡಿಯಾರ ಮಾತ್ರ ಇರುತ್ತದೆ. ಅಲ್ಲಿ ಕೆಲಸ ಕಲಿತವರಿಗೆ ನಿಗದಿತ ಕಾಲದೊಳಗೆ ಮಾತನ್ನು ಆರಂಭಿಸಿ ಮುಗಿಸುವ ಶಿಸ್ತು ಮೈಗೂಡುತ್ತದೆ. ನೆವಿನ್ ಅವರ ಅಭಿನಯದಲ್ಲಿ ವಾಕ್ಯಗಳು ಹರಿತವಾಗಿ, ಒಂದಕ್ಷರವೂ ನುಂಗಿಹೋಗದಂತೆ ಹೊರಡುವುದಕ್ಕೆ ನಾಟ್ಯಶಿಕ್ಷಣದಷ್ಟೇ ಈ ಅಭ್ಯಾಸವೂ ಕಾರಣವಾಗಿರಬಹುದೆಂದು ನನ್ನ ಊಹೆ.

ತದನಂತರ ಆಕೆ ಸಿಡ್ನಿಯ ರಂಗಭೂಮಿಗೆ ಮರಳಿದರು. ಅಲ್ಲಿ 1963ರಲ್ಲಿ ಆರಂಭವಾಗಿದ್ದ ಓಲ್ಡ್ ಟೋಟ್ ಮಂಡಲಿಯು 1978ರಲ್ಲಿ ಕುಸಿದುಬಿದ್ದುದರಿಂದ, ಅದರ ಸ್ಥಾನವನ್ನು ತುಂಬಲು ನ್ಯೂ ಸೌತ್ ವೇಲ್ಸ್ ಸರಕಾರವು ಸಿಡ್ನಿ ಥಿಯೇಟರ್ ಕಂಪನಿಯನ್ನು ಸ್ಥಾಪಿಸಿತು. ಅದರ ಮೊದಲ ವರ್ಷವಾದ 1979ರಲ್ಲಿ ಜಿಮ್ ಶಾರ್ಮನ್ ಅವರ ನಿರ್ದೇಶನದಲ್ಲಿ ಪ್ಯಾಟ್ರಿಕ್ ವೈಟ್ ವಿರಚಿತ ‘ಎ ಚಿಯರಿ ಸೋಲ್’ ನಾಟಕ ಪ್ರದರ್ಶಿತವಾಯಿತು; ಅದರ ನಾಯಿಕೆ ಮಿಸ್ ಡಾಕರ್‌ಳ ಪಾತ್ರ ನೆವಿನ್ ಅವರದಾಯಿತು. ಈ ಪಾತ್ರದ ವಿಚಾರದಲ್ಲಿ ಸ್ವಲ್ಪ ನಿಲ್ಲುವುದು ಅವಶ್ಯ.

ಮಿಸ್ ಡಾಕರ್ ದುಷ್ಟೆಯಲ್ಲ. ಆಕೆ ಪರೋಪಕಾರಿ, ಆ ಪರೋಪಕಾರಕ್ಕೆ ಸಿಕ್ಕವರಲ್ಲಿ ಒಬ್ಬರಾದರೂ ಸುಖವಾಗಿ ಉಳಿಯುವುದಿಲ್ಲ. ಆಶ್ರಯವಿತ್ತ ದಂಪತಿಗಳ ಮನೆಯ ನೆಮ್ಮದಿಯನ್ನು ಆಕೆ ಕದಡುತ್ತಾಳೆ. ವೃದ್ಧಾಶ್ರಮಕ್ಕೆ ಹೋಗಿ ಅಲ್ಲಿನವರ ಕೊನೆಗಾಲದ ಶಾಂತಿಯನ್ನೂ ಉಳಿಯಗೊಡುವುದಿಲ್ಲ. ಆಕೆಯ ಉಪದೇಶದ ಭಾರಕ್ಕೆ ಚರ್ಚಿನ ಪಾದ್ರಿಯೂ ಕುಸಿಯುತ್ತಾನೆ. ಕಟ್ಟಕಡೆಗೆ, ಎಲ್ಲರೂ ದೂರವಾದ ಮೇಲೆ, ಬೀದಿಯಲ್ಲಿ ತಾನಾಗಿ ಮಾತನಾಡಿಸಿದ ನಾಯಿಯೊಂದು ಆಕೆಯ ಮೇಲೆಯೇ ಕಾಲೆತ್ತುತ್ತದೆ. ಇಂತಹ ಪಾತ್ರವನ್ನು ಹಾಸ್ಯವೆಂದು ಆಡಿದರೆ ಕ್ರೌರ್ಯ ಅಡಗಿಹೋಗುತ್ತದೆ, ಕ್ರೌರ್ಯವೆಂದು ಆಡಿದರೆ ಹಾಸ್ಯ ಸತ್ತುಹೋಗುತ್ತದೆ. 1963ರಲ್ಲಿ ಮೆಲ್ಬೋರ್ನಿನಲ್ಲಿ ಮೊದಲಬಾರಿ ಪ್ರದರ್ಶಿತವಾದಾಗ ಆದರ ಪಡೆಯದ ಈ ಕೃತಿಯು, ಹದಿನಾರು ವರ್ಷಗಳ ತರುವಾಯ ಆಧುನಿಕ ಆಸ್ಟ್ರೇಲಿಯದ ಶ್ರೇಷ್ಠ ನಾಟಕಗಳಲ್ಲೊಂದೆಂಬ ಸ್ಥಾನ ಪಡೆಯಿತು. ನಡುವೆ 1973ರಲ್ಲಿ ವೈಟ್ ಅವರಿಗೆ ನೊಬೆಲ್ ಪಾರಿತೋಷಿಕ ಬಂದಿತ್ತೆಂಬುದು ನಿಜ. ಆದರೆ ಪಾರಿತೋಷಿಕವು ಗ್ರಂಥಕರ್ತನಿಗೆ ಗೌರವ ತರಬಹುದಲ್ಲದೆ ಬಿದ್ದ ನಾಟಕವನ್ನು ಎತ್ತಿ ನಿಲ್ಲಿಸಲಾರದು. ನಲವತ್ತು ಇನ್ನೂ ತುಂಬದಿದ್ದ ನಟಿಯೊಬ್ಬರು ತಮಗಿಂತ ಬಹಳ ಹಿರಿಯಳಾದ ಆ ಮುದುಕಿಯನ್ನು ಕರುಣೆಯನ್ನೂ ಬೇಡದೆ, ತಿರಸ್ಕಾರಕ್ಕೂ ಒಪ್ಪಿಸದೆ ಆಡಿದ್ದು ಈ ಪುನರುಜ್ಜೀವನಕ್ಕೆ ಮುಖ್ಯ ಕಾರಣ. ತಿರಸ್ಕೃತವಾದ ಸ್ವದೇಶೀ ಕೃತಿಗೆ ಎರಡನೆಯ ಅವಕಾಶ ಕೊಡಬೇಕೆಂಬ ಪಾಠ ಆಕೆಗೆ ಸಮಿತಿಯ ಸಭೆಗಳಿಗಿಂತ ಮೊದಲೇ ರಂಗದ ಮೇಲೆ ದೊರಕಿತು.

ಮುಂದಿನ ದಶಕದಲ್ಲಿ ತೆರೆಯ ಮೇಲಣ ಕೆಲಸ ಹೇರಳವಾಗಿ ಬಂದಿತು. ಸಮ್ನರ್ ಲಾಕ್ ಎಲಿಯಟ್ ಅವರ ಕಾದಂಬರಿಗಳನ್ನು ಆಧರಿಸಿದ ಎರಡು ಕೃತಿಗಳಲ್ಲಿ, ಎಂದರೆ 1980ರ ಟೆಲಿವಿಷನ್ ಮಾಲೆ ‘ವಾಟರ್ ಅಂಡರ್ ದಿ ಬ್ರಿಜ್’ ಮತ್ತು 1983ರ ಚಲಚ್ಚಿತ್ರ ‘ಕೇರ್‌ಫುಲ್, ಹೀ ಮೈಟ್ ಹಿಯರ್ ಯೂ’ಗಳಲ್ಲಿ, ಆಕೆಗೆ ಮಹತ್ತ್ವದ ಪಾತ್ರಗಳಿದ್ದವು. 1986ರಲ್ಲಿ ‘ದಿ ಮೋರ್ ಥಿಂಗ್ಸ್ ಚೇಂಜ್’ ಎಂಬ ಚಿತ್ರವನ್ನು ಸ್ವತಃ ನಿರ್ದೇಶಿಸಿದರು. ಕ್ಯಾಮರಾದ ಸಂಪಾದನೆ ರಂಗಭೂಮಿಯ ವ್ಯಾಸಂಗವನ್ನು ಪೋಷಿಸಿತೆಂದರೆ ತಪ್ಪಾಗದು. ಆ ದೇಶದ ನಟರಲ್ಲಿ ಬಹುಪಾಲು ಮಂದಿಯ ಬಾಳೂ ಹೀಗೆಯೇ ಸಾಗುತ್ತದೆ.

1996ರಲ್ಲಿ ಬ್ರಿಸ್ಬೇನಿನ ಕ್ವೀನ್ಸ್‌ಲ್ಯಾಂಡ್ ಥಿಯೇಟರ್ ಕಂಪನಿಯ ಮುಖ್ಯ ನಿರ್ದೇಶಕಿಯ ಸ್ಥಾನ ಆಕೆಗೆ ಪ್ರಾಪ್ತವಾಯಿತು. ಅಲ್ಲಿನ ಅವಧಿ ಅಲ್ಪ. ಅದೇ ಮಂಡಲಿಯಲ್ಲಿ ವೃತ್ತಿ ಆರಂಭಿಸಿ, ಅಷ್ಟರಲ್ಲಿ ಆಸ್ಕರ್ ಪಡೆದಿದ್ದ ಜೆಫ್ರಿ ರಶ್ ಅವರು 1998ರಲ್ಲಿ ಹೊಸ ರಂಗಮಂದಿರದ ಆರಂಭಕ್ಕೆ ‘ದಿ ಮ್ಯಾರೇಜ್ ಆಫ್ ಫಿಗರೊ’ ನಾಟಕದಲ್ಲಿ ನಟಿಸಲು ಬಂದರೆಂಬುದನ್ನು ಸ್ಮರಿಸಿದರೆ ಸಾಕು.

1999ರಲ್ಲಿ ಸಿಡ್ನಿ ಥಿಯೇಟರ್ ಕಂಪನಿಯ ಅಧಿಕಾರ ಕೈಗೆ ಬಂದಿತು. 2007ರವರೆಗೆ ಅದು ಆಕೆಯಲ್ಲಿಯೇ ಉಳಿಯಿತು. ವಾಲ್ಶ್ ಬೇ ಎಂಬಲ್ಲಿ ಹಳೆಯ ಹಡಗುಕಟ್ಟೆಯೊಂದನ್ನು ಮಾರ್ಪಡಿಸಿ ಮಾಡಿದ ಮಂದಿರಗಳು ಈ ಮಂಡಲಿಯ ವಾಸಸ್ಥಾನ. 2004ರ ಜನವರಿಯಲ್ಲಿ ಅದರ ಎದುರಿಗೇ, ಸುಮಾರು 900 ಆಸನಗಳ ಸಿಡ್ನಿ ಥಿಯೇಟರ್ ತೆರೆಯಿತು. ಹೊಸ ಮಂದಿರದ ಆರಂಭಕಾಲದಲ್ಲಿ ಷೇಕ್ಸ್‌ಪಿಯರನ ನಾಟಕವೊಂದನ್ನು ಆಡಿದ್ದರೆ ಯಾರೂ ಆಕ್ಷೇಪಿಸುತ್ತಿರಲಿಲ್ಲ. ನೆವಿನ್ ಆಯ್ದುಕೊಂಡು ನಿರ್ದೇಶಿಸಿದ್ದು ಕ್ಯಾಥರಿನ್ ಥಾಮ್ಸನ್ ಅವರ ‘ಹಾರ್ಬರ್’ ಎಂಬ ಹೊಸ ನಾಟಕವನ್ನು. ಅದರ ವಸ್ತು 1998ರ ಬಂದರು ಕಾರ್ಮಿಕರ ಹೋರಾಟ. ಹಡಗಿನ ಸರಕು ಇಳಿಸುವ ಪ್ಯಾಟ್ರಿಕ್ ಎಂಬ ಕಂಪನಿಯು ಸಂಘಕ್ಕೆ ಸೇರಿದ ತನ್ನ ಸಮಸ್ತ ಕಾರ್ಮಿಕರನ್ನು ರಾತ್ರೋರಾತ್ರಿ ತೆಗೆದುಹಾಕಿ, ನಾಯಿಗಳೊಡನೆ ಕಾವಲುಗಾರರನ್ನು ಕಟ್ಟೆಗಳಿಗೆ ನುಗ್ಗಿಸಿದ ಪ್ರಕರಣ ಅದು. ಹಿಂದೆ ಹಡಗುಕೂಲಿಗಳು ಮೂಟೆ ಹೊತ್ತ ಕಟ್ಟೆಯ ಮಗ್ಗುಲಲ್ಲಿ, ಬೆಲೆಯುಳ್ಳ ಟಿಕೀಟು ಕೊಂಡು ಬಂದ ಶ್ರೀಮಂತ ಪ್ರೇಕ್ಷಕರೆದುರಿಗೆ ಈ ಕಥೆಯನ್ನಾಡಿಸಿದುದರಲ್ಲಿ ಕೊಂಚ ತುಂಟತನವೂ ಇಲ್ಲದಿರಲಿಲ್ಲ. ಅದೇ ವರ್ಷ ಆಕೆ ನಿರ್ದೇಶಿಸಿದ ಇಬ್ಸೆನ್ನನ ‘ಹೆಡ್ಡಾ ಗ್ಯಾಬ್ಲರ್’, ಕೇಟ್ ಬ್ಲಾಂಚೆಟ್ ಮತ್ತು ಹ್ಯೂಗೊ ವೀವಿಂಗ್ ಅವರ ಅಭಿನಯದಿಂದ ಪ್ರಸಿದ್ಧವಾಗಿ, 2006ರಲ್ಲಿ ನ್ಯೂಯಾರ್ಕಿನ ಬ್ರೂಕ್ಲಿನ್ ಅಕಾಡೆಮಿಗೂ ಪ್ರಯಾಣ ಮಾಡಿತು.

ಆದಾಗ್ಯೂ ಆಕೆಯ ಆಡಳಿತದ ಸತ್ವಪರೀಕ್ಷೆ ನಡೆದದ್ದು ‘ಆಕ್ಟರ್ಸ್ ಕಂಪನಿ’ಯಲ್ಲಿ. ಆಸ್ಟ್ರೇಲಿಯದಲ್ಲಿ ನಟನನ್ನು ನಾಟಕದಿಂದ ನಾಟಕಕ್ಕೆ ನೇಮಿಸಿಕೊಳ್ಳುವುದು ಪದ್ಧತಿ: ಕೆಲವು ವಾರಗಳ ತಾಲೀಮು, ಕೆಲವು ವಾರಗಳ ಪ್ರದರ್ಶನ, ಆಮೇಲೆ ತಂಡ ಚದುರುತ್ತದೆ, ಮುಂದಿನ ಕರೆಯವರೆಗೆ ಟೆಲಿವಿಷನ್ ಧಾರಾವಾಹಿಯೋ, ಜಾಹೀರಾತಿನ ಧ್ವನಿಯೋ ಗತಿ. ಪರಸ್ಪರ ಅರಿತುಕೊಳ್ಳುವಷ್ಟರಲ್ಲಿ ಅಗಲಬೇಕಾದ ನಟರಿಂದ ಸಮಷ್ಟಿಯ ಅಭಿನಯ ಎಂತು ಸಿದ್ಧಿಸೀತು? ಈ ಕೊರತೆಯನ್ನು ಸ್ವತಃ ಅನುಭವಿಸಿದ್ದ ನೆವಿನ್, ರಾಜ್ಯ ಸರಕಾರದ ವಿಶೇಷ ಸಹಾಯಧನವನ್ನು ದೊರಕಿಸಿಕೊಂಡು, ಹನ್ನೆರಡು ಮಂದಿ ನಟನಟಿಯರಿಗೆ ಸಂಬಳ ಕೊಟ್ಟು ಒಂದೆಡೆ ನಿಲ್ಲಿಸಿದರು. ಪಮೇಲಾ ರೇಬ್, ಜಾನ್ ಗೇಡನ್, ಪೀಟರ್ ಕ್ಯಾರಲ್, ಡೆಬೊರಾ ಮೇಲ್ಮನ್ ಮುಂತಾದವರಿದ್ದ ಆ ತಂಡ 2006ರಲ್ಲಿ ರಂಗಕ್ಕೆ ಬಂದಿತು. ಆ ವರ್ಷವೇ ಬ್ಯಾರಿ ಕಾಸ್ಕಿ ಅವರು ಓವಿಡ್ ಕವಿಯ ಪುರಾಣಕಥೆಗಳನ್ನೂ ಯೂರಿಪಿಡೀಸನ ನಾಟಕವನ್ನೂ ಹೊಂದಿಸಿ ಸುಮಾರು ಎಂಟು ಗಂಟೆಗಳ ‘ದಿ ಲಾಸ್ಟ್ ಎಕೋ’ವನ್ನು ಇವರಿಂದ ಆಡಿಸಿದರು, ಒಟ್ಟಿಗೆ ಬಾಳಿದ ತಂಡವಲ್ಲದೆ ಬೇರಾರಿಗೂ ಅದು ಸಾಧ್ಯವಾಗುತ್ತಿರಲಿಲ್ಲ. 2009ರ ಜನವರಿಯಲ್ಲಿ ಷೇಕ್ಸ್‌ಪಿಯರನ ಇತಿಹಾಸ ನಾಟಕಗಳನ್ನು ಕೂಡಿಸಿ ಮಾಡಿದ ‘ದಿ ವಾರ್ ಆಫ್ ದಿ ರೋಸಸ್’ ಪ್ರದರ್ಶನದೊಂದಿಗೆ ಆ ಪ್ರಯೋಗ ಸಮಾಪ್ತಿಗೊಂಡಿತು. ಅಷ್ಟರಲ್ಲಿ ಅಧಿಕಾರ ಬ್ಲಾಂಚೆಟ್ ಮತ್ತು ಆಂಡ್ರೂ ಅಪ್ಟನ್ ದಂಪತಿಗಳಿಗೆ ಸಂದಿತ್ತು. ಅವರು ಇದರ ಬದಲಿಗೆ ಹೆಚ್ಚು ತರುಣರಾದ ನಟರ ತಂಡವೊಂದನ್ನು ರೂಪಿಸಿದರು. ಒಂದು ಸಂಸ್ಥೆಯ ಆಯುಷ್ಯವು ಅದನ್ನು ಕಟ್ಟಿದವರ ಅಧಿಕಾರಾವಧಿಗಿಂತ ಹೆಚ್ಚು ಬಾಳುವಂತೆ ಬೇರುಬಿಡಿಸುವ ಕೆಲಸ ನೆವಿನ್ ಅವರಿಂದ ಪೂರ್ಣವಾಗಲಿಲ್ಲವೆಂದು ಹೇಳಲೇಬೇಕು. ಆದರೂ ಆಕೆಯ ಕಾರ್ಯಗಳಲ್ಲಿ ಅತ್ಯಂತ ಧೀರವಾದದ್ದು ಇದೇ ಎಂಬುದು ನನ್ನ ಮತ. ಗೆದ್ದ ‘ಹೆಡ್ಡಾ’ಕ್ಕಿಂತಲೂ ಮುಗಿದುಹೋದ ಈ ಪ್ರಯೋಗಕ್ಕೆ ಇತಿಹಾಸದಲ್ಲಿ ಹೆಚ್ಚು ಪುಟಗಳು ಸಲ್ಲಬೇಕು.

ಅಧಿಕಾರವನ್ನಿಳಿದ ಮರುವರ್ಷವೇ ಆಕೆ ಅದೇ ಮಂಡಲಿಯಲ್ಲಿ ಸಂಬಳದ ನಟಿಯಾಗಿ ನಿಂತರು. 2008ರಲ್ಲಿ ಜೋನ್ ಡಿಡಿಯನ್ ಅವರ ‘ದಿ ಯಿಯರ್ ಆಫ್ ಮ್ಯಾಜಿಕಲ್ ಥಿಂಕಿಂಗ್’ ನಾಟಕದಲ್ಲಿ ಆಕೆಯನ್ನು ನಿರ್ದೇಶಿಸಿದವರು ಸ್ವತಃ ಬ್ಲಾಂಚೆಟ್, ಎಂದರೆ ನಾಲ್ಕು ವರ್ಷ ಹಿಂದೆ ಆಕೆಯಿಂದಲೇ ನಿರ್ದೇಶಿಸಲ್ಪಟ್ಟ ಹೆಡ್ಡಾ. ಪೀಠವನ್ನಿಳಿದು ಬಣ್ಣದ ಕೋಣೆಗೆ ಮರಳುವುದು ಎಲ್ಲ ದೇಶದ ಆಡಳಿತಗಾರರಿಗೂ ಒಗ್ಗುವ ಮಾತಲ್ಲ. 2013ರಿಂದ ‘ಅಪ್ಪರ್ ಮಿಡಲ್ ಬೋಗನ್’ ಎಂಬ ಹಾಸ್ಯಮಾಲೆಯ ಮೂಲಕ ಟೆಲಿವಿಷನ್ನಿನ ಹೊಸ ಪೀಳಿಗೆಗೆ ಪರಿಚಿತರಾದರು, 2016ರಲ್ಲಿ ಜೂಲಿ ಆಂಡ್ರೂಸ್ ನಿರ್ದೇಶಿಸಿದ ‘ಮೈ ಫೇರ್ ಲೇಡಿ’ಯಲ್ಲಿ ಪ್ರೊಫೆಸರ್ ಹಿಗಿನ್ಸನ ತಾಯಿಯಾದರು, 2020ರ ‘ರೆಲಿಕ್’ ಚಿತ್ರದಲ್ಲಿ ಮರೆವಿಗೆ ಸಿಕ್ಕಿ ತನ್ನ ಮನೆಯಲ್ಲಿಯೇ ದಾರಿತಪ್ಪುವ ವೃದ್ಧೆಯ ಪಾತ್ರವನ್ನು ವಹಿಸಿದರು. 2021ರ ಅಡಿಲೇಡ್ ಉತ್ಸವದಲ್ಲಿ, ನಾಜಿ ಪ್ರಚಾರಮಂತ್ರಿ ಗೊಬೆಲ್ಸನ ಕಾರ್ಯದರ್ಶಿನಿಯರಲ್ಲೊಬ್ಬಳಾಗಿದ್ದ ಬ್ರುನ್‌ಹಿಲ್ಡೆ ಪೋಮ್ಸೆಲಳ ಮುಪ್ಪಿನ ನೆನಪುಗಳನ್ನು ಕ್ರಿಸ್ಟೊಫರ್ ಹ್ಯಾಂಪ್ಟನ್ ನಾಟಕಕ್ಕೆ ತಂದ ‘ಎ ಜರ್ಮನ್ ಲೈಫ್’ ಕೃತಿಯನ್ನು, ಎಪ್ಪತ್ತೆಂಟನೆಯ ವಯಸ್ಸಿನಲ್ಲಿ, ಇಡೀ ರಂಗದ ಮೇಲೆ ಮಾತಿನ ಭಾರವನ್ನೆಲ್ಲ ಒಬ್ಬರೇ ಹೊತ್ತು ಆಡಿದರು.